ಕಿಟಕಿ ಮೇಜಿನ ಹಕ್ಕುದಾರರು

ಜೂನ್ ೩, ಮಂಗಳವಾರ

ಇಂದಿನಿಂದ ನಾನು ದಿನಚರಿ ಬರೆಯತಕ್ಕದ್ದು ಎಂದು ನರರೋಗದ ಡಾಕ್ಟರು ಅಪ್ಪಣೆ ಕೊಡಿಸಿದ್ದಾರೆ. ಅರ್ಧ ಪುಟವಾದರೂ ಸಾಕಂತೆ. ಏನು ಬರೆದಿದ್ದೇನೆ ಅನ್ನುವುದು ಅವರಿಗೆ ಬೇಡ, ಅಕ್ಷರ ದಿನದಿಂದ ದಿನಕ್ಕೆ ಸಣ್ಣದಾಗುತ್ತಿದೆಯೋ ಇಲ್ಲವೋ ಅನ್ನುವುದಷ್ಟೇ ಬೇಕು. ಐವತ್ತಾರು ವರ್ಷ ಬಾಳಿದ ಹೆಂಗಸೊಬ್ಬಳ ಮನದಾಳವನ್ನು ಸ್ಕೇಲು ಹಿಡಿದು ಅಳೆಯಹೊರಟ ಮೊದಲ ಮನುಷ್ಯ ಇವರೇ ಇರಬೇಕು. ಪುಸ್ತಕವನ್ನು ದೂರದಿಂದ ತೋರಿಸಿ ಪಟ್ಟನೆ ಮುಚ್ಚಿಬಿಡುವುದೆಂದು ತೀರ್ಮಾನಿಸಿದ್ದೇನೆ. ಒಳಗಿರುವುದು ನನ್ನ ಸ್ವಂತದ್ದು.

ವಿಷಯ ಇಷ್ಟೇ. ನನ್ನ ಬಲಗೈ ನಡುಗುತ್ತದೆ. ಮೂರು ತಿಂಗಳಾಯಿತು. ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳಿದರು. ಮನೆಗೆ ಬಂದು ಉಳಿದುಕೊಂಡ ನೆಂಟರಂತೆ ಇದು ಹೋಗುವ ಜಾತಿಯದಲ್ಲ, ಮಾತ್ರೆ ಕೊಟ್ಟು ಮರ್ಯಾದೆಯಲ್ಲಿಡಬಹುದು, ಅಷ್ಟೇ ಎಂದರು.

ಬೇರೆ ಯಾರ ಕೈಯಾದರೂ ನಡುಗಲಿ. ನಾನು ಮೂವತ್ತೊಂದು ವರ್ಷದಿಂದ ಲ್ಯಾಬಿನಲ್ಲಿ ಜನರ ತೋಳಿನಿಂದ ರಕ್ತ ತೆಗೆಯುವವಳು! ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ಪಕ್ಕದ ಬೀದಿಯ ಲ್ಯಾಬನ್ನು ಬಿಟ್ಟು ನನ್ನ ಹತ್ತಿರ ಬರುತ್ತಿದ್ದರು. ಈಗ ನನ್ನನ್ನು ಕೌಂಟರಿನಲ್ಲಿ ಕೂರಿಸಿ ಟ್ಯೂಬುಗಳಿಗೆ ಲೇಬಲ್ ಅಂಟಿಸುವ ಕೆಲಸ ಕೊಟ್ಟಿದ್ದಾರೆ. ಲೇಬಲ್ಲೂ ಸೊಟ್ಟಗೆ ಕೂರುತ್ತದೆ. ಯಾರೂ ಏನೂ ಅನ್ನುವುದಿಲ್ಲ. ಅಂದಿದ್ದರೆ ತಿರುಗಿ ಬಯ್ಯಬಹುದಿತ್ತು.

ಜೂನ್ ೬, ಶುಕ್ರವಾರ

ಶುಕ್ರವಾರ ಎಂದರೆ ಪೀಪಿ. ಪೀಪಿ ಎಂದರೆ ನನ್ನ ಗೆಳತಿ. ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಈಗ ಅವಳು ಅದೇ ಹೈಸ್ಕೂಲಿನಲ್ಲಿ ಆಟದ ಟೀಚರು. ಕೊರಳಲ್ಲಿ ಸದಾ ವಿಸಿಲ್ ನೇತಾಡುವುದರಿಂದ ಮಕ್ಕಳು ಪೀಪಿ ಎಂದು ಹೆಸರಿಟ್ಟರು, ನಾನು ಅನುಮೋದಿಸಿದೆ. ಅವಳು ನನ್ನನ್ನು ಸೂಜಿ ಎನ್ನುತ್ತಾಳೆ. ಇಪ್ಪತ್ತೆರಡು ವರ್ಷಗಳಿಂದ ಪ್ರತಿ ಶುಕ್ರವಾರ ಸಂಜೆ ಆರಕ್ಕೆ ನಾವಿಬ್ಬರೂ ಬಸ್ ಸ್ಟಾಪಿನ ಎದುರಿನ ಹೋಟೆಲಿನಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ ಇರತಕ್ಕದ್ದು. ಗಂಡಂದಿರಿಗೆ, ಮಕ್ಕಳಿಗೆ, ಅಕ್ಕಂದಿರಿಗೆ ಪ್ರವೇಶವಿಲ್ಲ.

ಹೋಟೆಲೆಂದರೆ ಎಂಟು ಮೇಜು. ಮಾಲೀಕರು ತಾವೇ ಬಂದು ಆರ್ಡರ್ ಕೇಳುತ್ತಾರೆ, ಬರೆದುಕೊಳ್ಳುವುದಿಲ್ಲ. ಕೈ ಹಿಂದೆ ಕಟ್ಟಿ, ತಲೆ ತುಸು ವಾಲಿಸಿ, ಮರಣಶಾಸನ ಕೇಳಿಸಿಕೊಳ್ಳುವವರ ಗಾಂಭೀರ್ಯದಲ್ಲಿ ನಿಲ್ಲುತ್ತಾರೆ. ನಮಗಂತೂ ಕೇಳುವುದೇ ಬೇಕಿಲ್ಲ. ಎರಡು ಟೊಮೇಟೊ ಸೂಪು, ಅಗಲ ಬಟ್ಟಲಿನಲ್ಲಿ, ಮೇಲೆ ಹುರಿದ ಬ್ರೆಡ್ಡಿನ ಚೂರು. ಆಮೇಲೆ ಏನು ತಿಂದರೂ ಅದು ಬರೀ ಅಡಿಟಿಪ್ಪಣಿ. ಸೂಪು ಕುಡಿಯುತ್ತ, ಎದುರಿಗೆ ಬಸ್ಸಿನಿಂದ ಇಳಿಯುವವರಿಗೆ ಹತ್ತಕ್ಕೆ ಇಷ್ಟು ಎಂದು ನಾವು ಅಂಕ ಕೊಡುತ್ತೇವೆ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಹಾರಿದರೆ ಸೊನ್ನೆ. ಇಳಿದು ಹಿಂದಿನವರಿಗೆ ಕೈ ಕೊಟ್ಟರೆ ಒಂಬತ್ತು. ಹತ್ತು ಅಂಕ ಇದುವರೆಗೆ ಒಬ್ಬ ಮುದುಕಿಗೆ ಮಾತ್ರ ಸಿಕ್ಕಿದೆ. ಕಂಡಕ್ಟರನ್ನು ಬಯ್ಯುತ್ತಲೇ, ಒಂದು ಅಕ್ಷರ ತಪ್ಪದೆ, ಹಿಮ್ಮುಖವಾಗಿ ಇಳಿದವಳು.

ಇವತ್ತು ಮಾಲೀಕರು ಬಂದು, “ಎರಡು ಸೂಪು ತಾನೇ?” ಎಂದರು.

“ಒಂದೇ. ನನಗೆ ಬೆಣ್ಣೆ ಬ್ರೆಡ್ಡು ಸಾಕು,” ಎಂದೆ.

ಮಾಲೀಕರ ತಲೆ ನೆಟ್ಟಗಾಯಿತು. ಪೀಪಿ, “ಯಾಕೇ?” ಎಂದಳು.

“ಸೆಕೆ.”

ಕಿಟಕಿಯಾಚೆ ಜನ ಕಿವಿಗೆ ಬಟ್ಟೆ ಸುತ್ತಿಕೊಂಡು, ಗಾಳಿಗೆ ಮುದುಡಿಕೊಂಡು ಬಸ್ಸಿಳಿಯುತ್ತಿದ್ದರು. ಪೀಪಿ ಅವರನ್ನು ನೋಡಿದಳು, ನನ್ನನ್ನು ನೋಡಿದಳು, ಮೇಜಿನ ಕೆಳಗೆ ತೊಡೆಯ ಮೇಲೆ ಅವಿತಿದ್ದ ನನ್ನ ಬಲಗೈಯನ್ನು ನೋಡಲಿಲ್ಲ. ಬಹಳ ಶ್ರಮಪಟ್ಟು ನೋಡಲಿಲ್ಲ.

ಇದು ಹಿಂಜರಿಕೆಯಲ್ಲ. ಬ್ರೆಡ್ಡೂ ಒಂದು ಆಹಾರವೇ.

ಜೂನ್ ೯, ಸೋಮವಾರ

ಅಕ್ಕನ ಫೋನು. ನನಗಿಂತ ಆರು ವರ್ಷ ದೊಡ್ಡವಳು, ಅರವತ್ತು ವರ್ಷದಷ್ಟು ಬುದ್ಧಿ ಹೇಳುತ್ತಾಳೆ.

“ಆ ಹೋಟ್ಲಿಗೆ ಇನ್ನೂ ಹೋಗ್ತಿದ್ದೀಯಂತೆ?”

“ಹೋಗ್ದೆ? ಹೋಟ್ಲು ನನ್ನ ಮನೆಗೆ ಬರುತ್ತಾ?”

“ಬರುತ್ತೆ ಕಣೇ, ಈಗ ಎಲ್ಲಾ ಮನೆಗೇ ಬರುತ್ತೆ. ಡಬ್ಬಿಲಿ ಹಾಕಿ ತಂದು ಕೊಡ್ತಾರೆ. ಬಾಗಿಲು ಹಾಕ್ಕೊಂಡು ನೆಮ್ಮದಿಯಾಗಿ ತಿನ್ನು. ಹೊರಗಡೆ ನಾಲ್ಕು ಜನ ನೋಡಿದ್ರೆ ಏನಂದ್ಕೋತಾರೆ?”

“ಹಸಿವಾಗಿದೆ ಅಂದ್ಕೋತಾರೆ.”

“ನಿನ್ನ ನಾಲಿಗೆಗೆ ಒಂದು ಮಾತ್ರೆ ಕೊಡಿ ಅಂತ ಆ ಡಾಕ್ಟರಿಗೆ ಹೇಳ್ಬೇಕು,” ಎಂದು ಇಟ್ಟಳು.

ಸಂಜೆ ನಮ್ಮ ಮನೆಯವರು ಒಂದು ಪೊಟ್ಟಣ ತಂದು ಸದ್ದಿಲ್ಲದೆ ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ಅವರು ಲಿಫ್ಟ್ ರಿಪೇರಿ ಮಾಡುವವರು. ಲಿಫ್ಟಿನೊಳಗೆ ಸಿಕ್ಕ ಅಪರಿಚಿತರಂತೆ ಮೇಲೆ ನೋಡುತ್ತ ಸುಮ್ಮನಿರುವುದು ಅವರಿಗೆ ವೃತ್ತಿಯಿಂದ ಬಂದ ಗುಣ. ಪೊಟ್ಟಣದಲ್ಲಿ ಒಂದು ಪ್ಲಾಸ್ಟಿಕ್ ಕಪ್ಪು. ಎರಡು ಕಿವಿ, ಮುಚ್ಚಳ, ಮುಚ್ಚಳಕ್ಕೊಂದು ಮೂತಿ. ಹೊಟ್ಟೆಯ ಮೇಲೆ ನಗುವ ಮೊಲದ ಚಿತ್ರ.

“ದೊಡ್ಡವರದ್ದು ಸಿಗಲಿಲ್ಲ,” ಎಂದರು, ಮೊಲದ ಪರವಾಗಿ ಕ್ಷಮೆ ಕೇಳುವಂತೆ.

ಕಪ್ಪನ್ನು ಅಟ್ಟದ ಮೇಲಿಟ್ಟೆ. ಅವರು ಹೊರಗೆ ಹೋದ ಮೇಲೆ ಸ್ವಲ್ಪ ಹೊತ್ತು ನಕ್ಕೆ. ಆಮೇಲೆ ನಗಲಿಲ್ಲ.

ಜೂನ್ ೧೩, ಶುಕ್ರವಾರ

ಅಕ್ಕನ ಮೇಲಿನ ಹಟಕ್ಕೆ ಇವತ್ತು ಸೂಪು ಹೇಳಿದೆ. “ಎರಡು!” ಎಂದು ಬೆರಳು ತೋರಿಸಿಯೇ ಹೇಳಿದೆ. ಬೆರಳು ನಾಲ್ಕೈದು ಎಂದು ಕಾಣಿಸಿರಬೇಕು, ಆದರೂ ಮಾಲೀಕರು ಎರಡೇ ತಂದರು.

ಚಮಚ ಬಟ್ಟಲಿನ ಅಂಚಿಗೆ ಬಡಿಯತೊಡಗಿತು. ಶಾಲೆಯ ಕೊನೆಯ ಗಂಟೆಯಂತೆ, ನಿಲ್ಲದೆ. ಪೀಪಿ ಅದನ್ನು ಮುಚ್ಚಲು ತನ್ನ ಶಾಲೆಯ ವಾಲಿಬಾಲ್ ಪಂದ್ಯದ ವರದಿ ಒಪ್ಪಿಸತೊಡಗಿದಳು. ಚಮಚದ ಸದ್ದು ಏರಿದಂತೆ ಅವಳ ದನಿಯೂ ಏರಿತು. ಕೊನೆಗೆ, “ಆ ಹುಡುಗಿ ಎಗರಿ ಹೊಡೆದ್ಲು ನೋಡು!” ಎಂದು ಅವಳು ಕಿರುಚಿದ ಗಳಿಗೆಗೇ ನನ್ನ ಚಮಚವೂ ಎಗರಿತು. ಸೂಪು ಮೇಜಿನ ಮೇಲೆ, ನನ್ನ ತೋಳಿನ ಮೇಲೆ, ಪಕ್ಕದ ಮೇಜಿನ ಗೃಹಸ್ಥರ ಬಿಳಿ ಶರ್ಟಿನ ಮೇಲೆ ಒಂದು ಹನಿ.

“ಪರವಾಗಿಲ್ಲ, ಪರವಾಗಿಲ್ಲ, ಪರವಾಗಿಲ್ಲ,” ಎಂದರು ಆತ, ಮೂರು ಸಲ. ನಂತರ ಕುರ್ಚಿಯನ್ನು ಎತ್ತಿ ಆ ಕಡೆಗೆ ತಿರುಗಿಸಿಕೊಂಡು ಕುಳಿತರು. ಅವರ ಹೆಂಡತಿಯೂ ತಿರುಗಿದಳು. ನೋಡಿದರೆ ಎಂಟೂ ಮೇಜಿನವರು ಎಲ್ಲೆಲ್ಲೋ ನೋಡುತ್ತಿದ್ದಾರೆ. ಫ್ಯಾನು, ಗೋಡೆ ಗಡಿಯಾರ, ಸ್ವಂತ ಉಗುರು. ಇಷ್ಟೊಂದು ಮರ್ಯಾದಸ್ಥರು ಒಂದೇ ಸೂರಿನಡಿ ಸೇರಿದ್ದನ್ನು ನಾನು ಕಂಡಿರಲಿಲ್ಲ.

ಸೂಜಿ ಚುಚ್ಚುವ ಮುನ್ನ ಪ್ರತಿಯೊಬ್ಬರಿಗೂ ನಾನು ಹೇಳುತ್ತಿದ್ದ ಮಾತು ಒಂದೇ: ‘ಆ ಕಡೆ ನೋಡಿ.’ ಮೂವತ್ತೊಂದು ವರ್ಷ ಹೇಳಿದ್ದೇನೆ. ಎಲ್ಲರೂ ಆ ಕಡೆ ನೋಡಿದಾಗ ಈ ಕಡೆ ಉಳಿದ ತೋಳಿಗೆ ಹೇಗಾಗುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಸೂಪು ಮುಕ್ಕಾಲು ಭಾಗ ಕುಡಿದೆ. ಹೆಚ್ಚೇ ಇರಬಹುದು.

ಜೂನ್ ೧೪, ಶನಿವಾರ

ವಿಶೇಷವಿಲ್ಲ.

ಜೂನ್ ೧೭, ಮಂಗಳವಾರ

ಎಡಗೈಯಲ್ಲಿ ತಿನ್ನುವುದನ್ನು ಕಲಿತರೆ ಹೇಗೆ ಎಂದು ನಮ್ಮ ಮನೆಯವರ ಸಲಹೆ. ಬಾಗಿಲು ಮುಚ್ಚಿಕೊಂಡು ಪ್ರಯೋಗ ನಡೆಸಿದೆ. ಎಡಗೈ ನಡುಗುವುದಿಲ್ಲ ನಿಜ, ಆದರೆ ಅದಕ್ಕೆ ಬಾಯಿಯ ವಿಳಾಸ ಗೊತ್ತಿಲ್ಲ. ಮೊದಲ ಚಮಚ ಮೊಸರು ಕೆನ್ನೆಗೆ, ಎರಡನೆಯದು ಮೂಗಿಗೆ. ಮೂರನೆಯದಕ್ಕೆ ಹತ್ತಿರ ಬಂತು. ಕನ್ನಡಿ ನೋಡಿಕೊಂಡೆ. ಒಳ್ಳೆಯ ಫೇಸ್‌ಪ್ಯಾಕು.

ನನ್ನ ಬಲಗೈ ಏನು ತಪ್ಪು ಮಾಡಿದೆ ಎಂದು ಅದನ್ನು ರಜೆ ಮೇಲೆ ಕಳಿಸಲಿ? ನಡುಗಿದರೂ ಅದೇ ತಿನ್ನಿಸಬೇಕು. ಇದು ನನ್ನ ಕೊನೆಯ ತೀರ್ಪು. ಮೇಲ್ಮನವಿಗೆ ಅವಕಾಶವಿಲ್ಲ.

ಜೂನ್ ೨೦, ಶುಕ್ರವಾರ

ಬರೆಯುವಾಗ ಕೈ ಎಂದಿಗಿಂತ ಹೆಚ್ಚು ನಡುಗುತ್ತಿದೆ. ಡಾಕ್ಟರು ಇದನ್ನು ಕಾಯಿಲೆಯ ಲೆಕ್ಕಕ್ಕೆ ಹಾಕಿಕೊಳ್ಳಬಾರದು. ಇದು ಸಿಟ್ಟು.

ಆರಕ್ಕೆ ಹೋದೆ. ನಮ್ಮ ಕಿಟಕಿ ಮೇಜಿನಲ್ಲಿ ಯಾರೋ ನಾಲ್ವರು ಕುಳಿತು ಹುರಿದ ಆಲೂಗಡ್ಡೆ ಮೆಲ್ಲುತ್ತಿದ್ದರು. ಮಾಲೀಕರು ಓಡಿ ಬಂದು, “ಬನ್ನಿ ಅಮ್ಮಾ, ನಿಮಗೆ ಒಳಗಡೆ ವ್ಯವಸ್ಥೆ ಆಗಿದೆ,” ಎಂದು ಮದುವೆ ಮನೆಯ ಹಿರಿಯರನ್ನು ಕರೆದೊಯ್ಯುವಂತೆ ಕರೆದೊಯ್ದರು. ವ್ಯವಸ್ಥೆ ಇದ್ದದ್ದು ಒಂದು ದಪ್ಪ ಕಂಬದ ಹಿಂದೆ. ಅಲ್ಲಿ ಕುಳಿತರೆ ಹೋಟೆಲಿಗೆ ನೀವಿಲ್ಲ, ನಿಮಗೆ ಹೋಟೆಲಿಲ್ಲ. ಕಾಣುವುದು ಕೈ ತೊಳೆಯುವ ನಲ್ಲಿಯೊಂದೇ. ಪೀಪಿ ಆಗಲೇ ಅಲ್ಲಿ ಕುಳಿತಿದ್ದಳು.

“ಏನೇ ಇದು ಕತ್ತಲಕೋಣೆ?” ಎಂದೆ.

“ಇಲ್ಲಿ ಗಾಳಿ ಚೆನ್ನಾಗಿದೆ,” ಎಂದಳು.

ಗಾಳಿ ಇರಲಿಲ್ಲ. ಸೋಪಿನ ವಾಸನೆ ಇತ್ತು. ಆದರೂ ಸಹಿಸಿಕೊಂಡು, ಕೈ ತೊಳೆಯಲು ಬಂದವರಿಗೆ ಅಂಕ ಕೊಡಲು ನೋಡಿದೆ. ಮೊದಲನೆಯವರಿಗೆ ಐದು. ಎರಡನೆಯವರಿಗೆ ಐದು. ಆಗ ಮಾಲೀಕರು ಸೂಪು ತಂದರು. ಪೀಪಿಗೆ ಬಟ್ಟಲಿನಲ್ಲಿ, ನನಗೆ ಟೀ ಕುಡಿಯುವ ಎತ್ತರದ ಲೋಟದಲ್ಲಿ, ಅರ್ಧ ಮಾತ್ರ ತುಂಬಿಸಿ, ಸ್ಟ್ರಾ ಹಾಕಿ.

“ಇದು ಯಾರ ಬುದ್ಧಿ?” ಎಂದು ಕೇಳಿದೆ.

ಮಾಲೀಕರು ಪೀಪಿಯನ್ನು ನೋಡಿದರು. ಪೀಪಿ ಉಪ್ಪಿನ ಡಬ್ಬಿಯನ್ನು ನೋಡಿದಳು.

“ನಾನೇ ಫೋನ್ ಮಾಡಿದ್ದೆ ಕಣೇ,” ಎಂದಳು ಕೊನೆಗೆ. “ಇಲ್ಲಾದ್ರೆ ಯಾರೂ ನೋಡಲ್ಲ. ನೀನು ಆರಾಮಾಗಿ ಕುಡೀಬಹುದು ಅಂತ.”

“ನಂಗೆ ಆರಾಮ ಬೇಕು ಅಂತ ಅರ್ಜಿ ಹಾಕಿದ್ಯಾರು?”

“ಸಿಟ್ಟು ಮಾಡ್ಕೋಬೇಡ್ವೇ. ಪೆಟ್ಟಾದ ಪ್ಲೇಯರನ್ನ ಸ್ವಲ್ಪ ದಿನ ಹೊರಗೆ ಕೂರಿಸ್ತೀವಿ. ಅದು ಅವಳ ಒಳ್ಳೇದಕ್ಕೇ.”

“ಪೆಟ್ಟು ವಾಸಿ ಆಗುತ್ತೆ. ಇದು ಆಗಲ್ಲ. ನನ್ನ ಎಷ್ಟು ದಿನ ಹೊರಗೆ ಕೂರಿಸ್ತೀಯ, ಹೇಳು?”

ಪೀಪಿ ವಿಸಿಲ್ಲಿನ ದಾರವನ್ನು ಬೆರಳಿಗೆ ಸುತ್ತತೊಡಗಿದಳು. ನಾನು ಎದ್ದು ಬಂದೆ. ಸ್ಟ್ರಾ ಲೋಟದಲ್ಲಿ ಒಂದು ಸುತ್ತು ತಿರುಗಿ ನಿಂತದ್ದನ್ನು ಮಾತ್ರ ನೋಡಿದೆ.

ಅಕ್ಕ ಹೇಳಿದ್ದರೆ ಎದುರು ಮಾತಾಡಿ ಮರೆಯುತ್ತಿದ್ದೆ. ಮೊಲದ ಕಪ್ಪನ್ನು ಕ್ಷಮಿಸಿದೆ. ಆದರೆ ಇವಳು!

ಜೂನ್ ೨೧, ಶನಿವಾರ

ಪೀಪಿ ಒಂಬತ್ತು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ಹತ್ತನೇ ಸಲ ಮಾಡಲೇ ಇಲ್ಲ. ಅವಳ ಸೊಕ್ಕು ನೋಡಿ!

ಜೂನ್ ೨೭, ಶುಕ್ರವಾರ

ಸಂಜೆ ಆರು ಗಂಟೆ. ಮನೆಯಲ್ಲಿದ್ದೆ.

ನಮ್ಮ ಮನೆಯವರು ಹೇಳದೆ ಕೇಳದೆ ಹೋಗಿ ಅದೇ ಹೋಟೆಲಿನ ಸೂಪನ್ನು ಕಟ್ಟಿಸಿಕೊಂಡು ಬಂದರು. “ಅಲ್ಲಿ…” ಎಂದು ಏನೋ ಹೇಳಹೊರಟರು. “ಅಲ್ಲಿನ ಸುದ್ದಿ ನನಗೆ ಬೇಡ,” ಎಂದೆ. ತಕ್ಷಣ ಲಿಫ್ಟಿನ ಬಾಗಿಲು ಮುಚ್ಚಿತು.

ಅಟ್ಟದಿಂದ ಮೊಲವನ್ನು ಇಳಿಸಿದೆವು. ಊಟದ ಕೋಣೆಯ ಕಿಟಕಿಯಿಂದ ಕಾಣುವುದು ಪಕ್ಕದ ಮನೆಯ ನೀರಿನ ಟ್ಯಾಂಕು. ಅದರ ಏಣಿಯಿಂದ ಪ್ಲಂಬರ್ ಒಬ್ಬ ಇಳಿಯುತ್ತಿದ್ದ. ನಮ್ಮ ಮನೆಯವರು ಬಹಳ ಹೊತ್ತು ಅವನನ್ನು ನೋಡಿ, ಗಂಟಲು ಸರಿಮಾಡಿಕೊಂಡು, “ಅವನಿಗೆ ಎಷ್ಟು ಕೊಡ್ತೀಯ?” ಎಂದರು.

ಇಷ್ಟು ವರ್ಷ ನಮ್ಮ ಆಟವನ್ನು ಇವರು ಕಿವಿಗೆ ಹಾಕಿಕೊಂಡೇ ಇಲ್ಲ ಎಂದುಕೊಂಡಿದ್ದೆ.

“ಎರಡು,” ಎಂದೆ.

“ಜಾರಲಿಲ್ವಲ್ಲ. ಮೂರು ಕೊಡು ಪಾಪ.”

ಮೂರು ಕೊಟ್ಟೆ. ಮೊಲದ ಮೂತಿಯಿಂದ ಸೂಪು ಹೀರಿದೆ. ಮೇಜಿನ ಮೇಲೆ ಒಂದು ಹನಿ ಇಲ್ಲ, ಬಟ್ಟೆಯ ಮೇಲೆ ಒಂದು ಹನಿ ಇಲ್ಲ. ಇಷ್ಟು ಚೊಕ್ಕಟವಾಗಿ ನಾನು ಹುಟ್ಟಿದ ಮೇಲೆ ಊಟ ಮಾಡಿಲ್ಲ, ಇಷ್ಟು ಸಪ್ಪೆಯಾಗಿಯೂ.

ಜುಲೈ ೨, ಬುಧವಾರ

ಲ್ಯಾಬಿಗೆ ಇವತ್ತು ಒಬ್ಬ ಲಾರಿ ಡ್ರೈವರ್ ಬಂದಿದ್ದ. ಬಾಗಿಲಷ್ಟು ಅಗಲದ ಆಳು, ಸೂಜಿಯ ಹೆಸರೆತ್ತಿದರೆ ಬೆವರು. ಚೀಟಿ ಕೊಟ್ಟು ನನ್ನೆದುರೇ ನಿಂತ. ನಾನು ಅವನ ಹೆಸರಿನ ಲೇಬಲ್ಲನ್ನು ಟ್ಯೂಬಿಗೆ ಅಂಟಿಸುವ ಕಾಳಗದಲ್ಲಿದ್ದೆ. ಅವನು ಕೌಂಟರಿನ ಮೇಲೆ ಮೊಣಕೈ ಊರಿ, ಕ್ರಿಕೆಟ್ ನೋಡುವಂತೆ ನನ್ನ ಕೈಯನ್ನು ನೋಡಿದ.

“ಅಮ್ಮಾ, ನಿಮ್ಮ ಕೈ ಯಾಕೆ ಹಂಗೆ ಕುಣೀತದೆ?”

ಒಳಗೆ ರಕ್ತ ತೆಗೆಯುವ ಹೊಸ ಹುಡುಗಿ ಅವನ ಮಾತು ಮುಚ್ಚಲು ಜೋರಾಗಿ ಕೆಮ್ಮಿದಳು. ನಾನು ಕಾಯಿಲೆಯ ಉದ್ದನೆಯ ಹೆಸರನ್ನು ಪೂರ್ತಿ ಹೇಳಿದೆ. ಬಾಯಿ ಬಿಟ್ಟು ಹೊರಗಿನವರಿಗೆ ಹೇಳಿದ್ದು ಅದೇ ಮೊದಲು.

“ನೋವಾಗ್ತದಾ?”

“ಇಲ್ಲ.”

“ಸದ್ಯ,” ಎಂದು ಉಸಿರುಬಿಟ್ಟ. “ನಮ್ ಲಾರಿ ಸ್ಟೇರಿಂಗೂ ಹಂಗೇ ಅಮ್ಮಾ. ಸ್ಪೀಡ್ ಏರಿದ್ರೆ ಕುಣಿಯಕ್ಕೆ ಶುರು. ಹಂಗಂತ ಗಾಡಿ ಶೆಡ್ಡಲ್ಲಿ ನಿಲ್ಸಕ್ಕಾಗ್ತದಾ?”

ಈ ನಾಲ್ಕು ತಿಂಗಳಲ್ಲಿ ನನ್ನ ಕೈಯನ್ನು ಕಣ್ಣು ತುಂಬ ನೋಡಿದ ಮೊದಲ ಮನುಷ್ಯ. ಅವನ ಲೇಬಲ್ಲು ನೆಟ್ಟಗೆ ಕೂತಿತು ಎಂದು ಬರೆದರೆ ಸುಳ್ಳಾಗುತ್ತದೆ. ತಲೆಕೆಳಗಾಗಿ ಕೂತಿತು. ಇಬ್ಬರೂ ನಕ್ಕೆವು.

ಜುಲೈ ೪, ಶುಕ್ರವಾರ

ಇವತ್ತಿನದು ಉದ್ದವಿದೆ. ಡಾಕ್ಟರು ಅಳೆದುಕೊಳ್ಳಲಿ.

ಕಲೆ ಕಾಣದ ಕಂದು ಬಟ್ಟೆ ಹಾಕಿಕೋ ಎಂದು ವಿವೇಕ ಹೇಳಿತು. ಬೇಕೆಂದೇ ಬೆಳ್ಳನೆಯ ಬಟ್ಟೆ ಹಾಕಿಕೊಂಡೆ. “ಎಲ್ಲಿಗೆ?” ಎಂದು ನಮ್ಮ ಮನೆಯವರು ಕೇಳಲಿಲ್ಲ. ಚಪ್ಪಲಿಯನ್ನು ಬಾಗಿಲ ಕಡೆ ಮುಖಮಾಡಿ ಇಟ್ಟರು.

ಆರಕ್ಕೆ ಐದು ನಿಮಿಷವಿರುವಾಗ ಹೋಟೆಲಿಗೆ ಕಾಲಿಟ್ಟೆ. ಒಬ್ಬಳೇ. ಕಿಟಕಿ ಮೇಜು ಖಾಲಿ ಇತ್ತು. ನೇರ ಹೋಗಿ, ನೇರ ಕುಳಿತೆ. ಬಲಗೈಯನ್ನು ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟೆ. ನಡುಗಲಿ. ಅದರ ಪಾಡಿಗೆ ಅದು.

ಮಾಲೀಕರು ಬಂದರು. ಕೈ ಹಿಂದೆ ಕಟ್ಟಲಿಲ್ಲ, ಹಿಸುಕಿಕೊಂಡರು.

“ಅಮ್ಮಾ, ಅದೂ… ಕಂಬದ ಹತ್ರ…”

“ಕಂಬದ ಹತ್ತಿರ ನಾನು ಕೂರಲ್ಲ.”

“ನಿಮ್ಮನ್ನ ಕೂರಿ ಅನ್ನಲ್ಲ ಅಮ್ಮಾ. ಅಲ್ಲಿ ಅವರಿದ್ದಾರೆ. ಹೋದ ಶುಕ್ರವಾರವೂ ಬಂದಿದ್ರು. ನಿಮ್ಮ ಯಜಮಾನ್ರು ಪಾರ್ಸೆಲ್ ತಗೊಳಕ್ಕೆ ಬಂದಾಗ ನೋಡಿದ್ರಲ್ಲ, ಹೇಳ್ಲಿಲ್ವಾ? ಎರಡು ಸೂಪು ಹೇಳ್ತಾರೆ. ಒಂದು ಕುಡೀತಾರೆ. ಇನ್ನೊಂದು ಎದುರಿಗಿಟ್ಕೊಂಡು ಆರಿಸ್ತಾರೆ.”

ಕತ್ತು ಚಾಚಿ ನೋಡಿದೆ. ಕಂಬದ ಅಂಚಿನಿಂದ ಒಂದು ಮೊಣಕೈ, ವಿಸಿಲ್ಲಿನ ದಾರದ ತುದಿ.

“ಒಂದು ಸೂಪು,” ಎಂದೆ, ಕಂಬಕ್ಕೆ ಕೇಳಿಸುವಂತೆ.

ಕಂಬ ಮಾತಾಡಿತು. “ಅವಳಿಗೆ ಹೇಳಿ, ಇಲ್ಲಿ ಒಂದು ಆಗ್ಲೇ ಇದೆ. ಇನ್ನೂ ಬಿಸಿ ಇದೆ.”

“ಅವರಿಗೆ ಹೇಳಿ, ನಾನು ಬಚ್ಚಿಟ್ಟುಕೊಂಡು ಊಟ ಮಾಡಲ್ಲ.”

ಮಾಲೀಕರು ಎಂಟು ಮೇಜುಗಳ ನಡುವೆ ನಿಂತು ಆ ಕಡೆ ಈ ಕಡೆ ನೋಡಿ, “ಅಮ್ಮಾ, ಇಬ್ರಿಗೂ ನೇರವಾಗೇ ಕೇಳಿಸ್ತಿದೆ. ನಾನು ಹೇಳೋದು ಏನೂ ಉಳಿದಿಲ್ಲ,” ಎಂದರು.

“ಲೇ ಸೂಜಿ! ನಾನೇನು ನಿನಗೆ ಕೇಡು ಬಯಸಿದ್ನಾ?”

“ಕೇಡು ಬಯಸೋರನ್ನ ಹೇಗೋ ನಿಭಾಯಿಸ್ಬಹುದು ಕಣೇ. ನಿನ್ನ ಏನು ಮಾಡ್ಲಿ?”

“ಅವತ್ತು ಆ ಬಿಳಿ ಶರ್ಟಿನೋನು ಕುರ್ಚಿ ತಿರುಗಿಸ್ಕೊಂಡ್ನಲ್ಲ, ನನಗೆ ನೋಡಕ್ಕಾಗ್ಲಿಲ್ಲ. ಎದ್ದು ಎರಡು ಬಾರಿಸ್ಬೇಕು ಅನ್ನಿಸ್ತು!”

“ಬಾರಿಸ್ಬೇಕಿತ್ತು! ಅವನನ್ನ ಬಿಟ್ಟು ನನ್ನ ಎತ್ತಿ ಕಂಬದ ಹಿಂದೆ ಇಟ್ಟೆ. ನೋಡಕ್ಕಾಗದೆ ಇದ್ದೋಳು ನೀನು. ಕಂಬದ ಹಿಂದೆ ಕೂರಬೇಕಾದೋಳೂ ನೀನೇ. ಕೂತಿದ್ದೀಯಲ್ಲ, ಆರಾಮಾಗಿದ್ಯಾ?”

ಕೈ ತೊಳೆಯುತ್ತಿದ್ದವರೊಬ್ಬರು ನಲ್ಲಿ ನಿಲ್ಲಿಸುವುದನ್ನೂ ಮರೆತು ನಿಂತಿದ್ದರು. ನೀರಿನ ಸದ್ದೊಂದೇ. ಯಾರೂ ಫ್ಯಾನು ನೋಡುತ್ತಿರಲಿಲ್ಲ, ಯಾರೂ ಉಗುರು ನೋಡುತ್ತಿರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನಗೆ ಏನೂ ಆಗಲಿಲ್ಲ.

“ಇಲ್ಲ,” ಎಂದಿತು ಕಂಬ, ಸಣ್ಣ ದನಿಯಲ್ಲಿ. “ಇಲ್ಲಿ ಬರೀ ಕೈ ತೊಳೆಯೋರು ಕಾಣ್ತಾರೆ. ಎಲ್ಲಾ ಒಂದೇ ಥರ ತೊಳೀತಾರೆ.”

“ಮತ್ತೆ?”

“ಮತ್ತೇನು ಮತ್ತೆ! ಬರ್ಲಾ?”

“ಇಷ್ಟು ಹೊತ್ತು ಅದನ್ನೇ ತಾನೇ ಕೂಗ್ತಿರೋದು!”

ಪೀಪಿ ಎರಡು ಕೈಯಲ್ಲಿ ಎರಡು ಬಟ್ಟಲು ಹಿಡಿದು ಮೇಜುಗಳ ಸಂದಿಯಲ್ಲಿ ನಡೆದು ಬಂದಳು. ಕಣ್ಣು ಕೆಂಪಗಿತ್ತು. ಕೇಳಿದ್ದರೆ ಸೋಪಿನ ವಾಸನೆ ಎನ್ನುತ್ತಿದ್ದಳು, ಕೇಳಲಿಲ್ಲ. ಮಾಲೀಕರು ನಲ್ಲಿ ನಿಲ್ಲಿಸಲು ಓಡಿದರು.

ಕುಳಿತಳು. ನಾನು ಚಮಚ ಎತ್ತಿಕೊಂಡೆ. ಎರಡು ಚಮಚ ಸುರಕ್ಷಿತವಾಗಿ ಒಳಗೆ ಹೋಯಿತು. ಮೂರನೆಯದು ಬಿಳಿ ಬಟ್ಟೆಯ ಮೇಲೆ, ಎದೆಯ ನಟ್ಟನಡುವೆ, ಪದಕದಂತೆ ಬಿತ್ತು. ಆಗ ಒಂದು ಸಂಗತಿ ಗಮನಕ್ಕೆ ಬಂತು. ತೊಂದರೆ ನನ್ನ ಕೈಯದಷ್ಟೇ ಅಲ್ಲ. ಚಮಚ ತಗಲಿದಾಗಲೆಲ್ಲ ಬಟ್ಟಲು ನುಣ್ಣನೆಯ ಮೇಜಿನ ಮೇಲೆ ಒಂದೊಂದೇ ಬೆರಳಿನಷ್ಟು ಸರಿದು ಕಿಟಕಿಯ ಕಡೆಗೆ ಪರಾರಿಯಾಗುತ್ತಿತ್ತು.

“ಹಿಡ್ಕೊಳ್ಳೇ ಅದನ್ನ. ಬಸ್ ಹತ್ತಕ್ಕೆ ಹೊರಟಿದೆ,” ಎಂದೆ.

ಪೀಪಿ ಎರಡು ಬೆರಳಲ್ಲಿ ಅಂಚನ್ನು ಮುಟ್ಟಿದಳು, ಮಲಗಿದ ಮಗುವನ್ನು ಮುಟ್ಟುವಂತೆ.

“ಸರಿಯಾಗಿ ಹಿಡಿ. ಕಚ್ಚಲ್ಲ.”

ಎರಡೂ ಕೈಯಲ್ಲಿ ಹಿಡಿದಳು. ಬಟ್ಟಲು ನಿಂತಿತು. ಅವಳ ಮುಖ ನನ್ನ ಕೈಗೆ ಒಂದು ಗೇಣು ದೂರದಲ್ಲಿತ್ತು, ಎತ್ತ ನೋಡಬೇಕೆಂದು ಅವಳಿಗೆ ತಿಳಿಯಲಿಲ್ಲ.

“ಆ ಕಡೆ ನೋಡ್ಲಾ?” ಎಂದು ಕೇಳಿದಳು.

“ಈ ಕಡೆನೇ ನೋಡು. ನೋಡ್ತಾ ಮಾತಾಡು. ವಾಲಿಬಾಲ್ ಮಾತ್ರ ಬೇಡ.”

ಅವಳು ನೋಡಿದಳು. ನೋಡುತ್ತಲೇ ತನ್ನ ಹೆಡ್‌ಮಾಸ್ಟರನ್ನು ಬಯ್ದಳು, ಎರಡು ವಾರದ ಬಾಕಿ ಬಯ್ಗುಳವೆಲ್ಲ. ನಡುವೆ ಒಂದು ಬಸ್ಸು ಬಂತು. ಅವಳ ಕೈ ಖಾಲಿ ಇರಲಿಲ್ಲವಾದ್ದರಿಂದ ಗಲ್ಲದಿಂದಲೇ ಒಬ್ಬನನ್ನು ತೋರಿಸಿ “ನಾಲ್ಕು” ಎಂದಳು. “ಐದು ಕೊಡು, ಚೀಲ ಭಾರ ಇದೆ,” ಎಂದೆ. ಬಟ್ಟಲಿನ ತಳ ಕಾಣುವ ತನಕ ಅವಳು ಕೈ ತೆಗೆಯಲಿಲ್ಲ. ಅವಳ ಸ್ವಂತ ಸೂಪು ಆರಿ ಕೆನೆಗಟ್ಟಿತು.

ದಾಖಲೆಗಾಗಿ ಬರೆದಿಡುತ್ತೇನೆ: ನಾನು ಯಾರ ನೆರವನ್ನೂ ಕೇಳಲಿಲ್ಲ. ಬಟ್ಟಲನ್ನು ಹಿಡಿಯುವಂತೆ ಅಪ್ಪಣೆ ಮಾಡಿದೆ. ಎರಡಕ್ಕೂ ಅಜಗಜಾಂತರವಿದೆ. ನನ್ನ ನಿಲುವಿನಲ್ಲಿ ಜೂನ್ ೩ರಿಂದ ಇಂದಿನವರೆಗೆ ಯಾವ ಬದಲಾವಣೆಯೂ ಇಲ್ಲ.

ಜುಲೈ ೮, ಮಂಗಳವಾರ

ಡಾಕ್ಟರ ಹತ್ತಿರ ಹೋಗಿದ್ದೆ. ಪುಸ್ತಕವನ್ನು ದೂರದಿಂದ ತೋರಿಸಿದೆ. ಅಕ್ಷರ ನಡುವೆ ಒಂದು ವಾರ ಇರುವೆಯಂತಾಗಿ, ಕೊನೆಗೆ ಮತ್ತೆ ಮೈ ತುಂಬಿಕೊಂಡಿದೆ ಎಂದರು. “ಮಾತ್ರೆ ಹಿಡೀತಿದೆ,” ಎಂದು ತಮಗೆ ತಾವೇ ಶಹಭಾಸ್ ಹೇಳಿಕೊಂಡರು. ಹೇಳಿಕೊಳ್ಳಲಿ.

ಆಮೇಲೆ ಒಂದು ಫಾರ್ಮು ಕೊಟ್ಟರು. ಪ್ರತಿ ಪ್ರಶ್ನೆಗೂ ‘ಹೌದು’ ಅಥವಾ ‘ಇಲ್ಲ’ ಎಂದು ಗುರುತು ಹಾಕಬೇಕು. ಗುಂಡಿ ಹಾಕಿಕೊಳ್ಳಲು ಕಷ್ಟವೇ? ಹೌದು. ಮೆಟ್ಟಿಲು ಹತ್ತಲು? ಇಲ್ಲ. ಇತರರ ಎದುರು ಊಟ ಮಾಡಲು ಹಿಂಜರಿಯುತ್ತೀರಾ? ‘ಇಲ್ಲ’ ಎಂಬುದಕ್ಕೆ ಗುರುತು ಹಾಕಿದ ರಭಸಕ್ಕೆ ಪೆನ್ನು ಕಾಗದವನ್ನು ತೂತು ಮಾಡಿ ಅಡಿಯ ರಟ್ಟಿಗೂ ನನ್ನ ಅಭಿಪ್ರಾಯ ತಿಳಿಸಿತು.

ಅದರ ಕೆಳಗೆ: ಊಟ ಮಾಡುವಾಗ ಇನ್ನೊಬ್ಬರ ಸಹಾಯ ಬೇಕಾಗುತ್ತದೆಯೇ?

‘ಇಲ್ಲ’ಕ್ಕೆ ಗುರುತು ಹಾಕಿದೆ. ಸುಳ್ಳು ಬರೆದಂತಾಗಬಾರದೆಂದು ಪಕ್ಕದ ಜಾಗದಲ್ಲಿ, ‘ನನಗೆ ಬೇಡ. ಬಟ್ಟಲಿಗೆ ಬೇಕು, ಶುಕ್ರವಾರಗಳಂದು’ ಎಂದು ಸೇರಿಸಿದೆ.

ಡಾಕ್ಟರು ಕನ್ನಡಕ ಮೇಲೇರಿಸಿ ಅದನ್ನು ಎರಡು ಸಲ ಓದಿದರು.

“ಅಮ್ಮಾ, ಇದನ್ನ ನಾನು ಹೌದು ಅಂತ ತಗೊಳ್ಳಲಾ, ಇಲ್ಲ ಅಂತಲಾ?”

“ಶುಕ್ರವಾರ ಸಂಜೆ ಆರಕ್ಕೆ ಬಸ್ ಸ್ಟಾಪ್ ಎದುರಿನ ಹೋಟ್ಲಿಗೆ ಬನ್ನಿ ಡಾಕ್ಟ್ರೇ,” ಎಂದೆ. “ಕಿಟಕಿ ಪಕ್ಕದಲ್ಲೇ ಕೂತಿರ್ತೀವಿ. ಹೊರಗಿಂದಲೇ ಚೆನ್ನಾಗಿ ಕಾಣುತ್ತೆ. ನೋಡಿ, ನೀವೇ ತೀರ್ಮಾನ ಮಾಡಿ.”